ಏಳರಿಂದ ಎಂಟಕ್ಕೆ: ಮನೆಯಲ್ಲೊಂದು ಜೋಡಿ ಓದು

ಈ ಸಲದ ಮಾತು ಏಳನೇ ಕ್ಲಾಸ್ ಮುಗಿಸಿ ಹೈಸ್ಕೂಲಿಗೆ ಹೊರಟಿರೋ ನಿಮ್ಮ ತಮ್ಮ, ತಂಗಿ, ಅಕ್ಕನ ಮಕ್ಕಳ ಬಗ್ಗೆ.

ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತೆ. ಆಮೇಲೆ ಬೇರೆ ಊರು, ಬಸ್ಸು, ಹೊಸ ಮೇಷ್ಟ್ರು. ಇದೆಲ್ಲ ಕಣ್ಣಿಗೆ ಕಾಣುತ್ತೆ. ಕಾಣದೇ ಇರೋದು ಪುಸ್ತಕದ ಭಾಷೆ. ಸಣ್ಣ ಕ್ಲಾಸಿನಲ್ಲಿ ಓದೋದನ್ನ ಕಲಿಸ್ತಾರೆ. ಹೈಸ್ಕೂಲಿನಲ್ಲಿ, ಓದೋಕೆ ಬಂದೇ ಬರುತ್ತೆ ಅಂದುಕೊಂಡು ಪಾಠ ಶುರು ಮಾಡ್ತಾರೆ.

ಬೇಸಾಯದ ಪಾಠವನ್ನೇ ತಗೊಳ್ಳಿ. ಮಾನ್ವಿಯ ಭತ್ತದ ಗದ್ದೆಯಲ್ಲೋ ದೇವದುರ್ಗದ ಹತ್ತಿ ಹೊಲದಲ್ಲೋ ಬೆಳೆದ ಹುಡುಗಿಗೆ ಕಸ ತೆಗೆಯೋದು, ರಾಶಿ ಮಾಡೋದು ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಅದೇ ಕೆಲಸ ‘ಕಳೆ ನಿಯಂತ್ರಣ’, ‘ಒಕ್ಕಣೆ’ ಆಗಿರುತ್ತೆ. ರಾಯಚೂರು ಸಿಟಿಯಲ್ಲಿ ಮನೆಮಾತು ಉರ್ದುವೋ ತೆಲುಗೋ ಆಗಿದ್ರೆ, ತಾಂಡಾದಲ್ಲಿ ಲಂಬಾಣಿ ಆಗಿದ್ರೆ ಅಂತರ ಇನ್ನೂ ದೊಡ್ಡದು. ವಿಷಯ ಗೊತ್ತಿದ್ದೂ ಉತ್ತರ ಬರಲ್ಲ. ‘ದಡ್ಡಿ’ ಅನ್ನೋ ಹೆಸರು ಮಾತ್ರ ಬರುತ್ತೆ.

ಬಿ.ಕಾಂ. ಓದಿದ ನನಗೆ ಇದು ಚಕ್ರಬಡ್ಡಿ ಲೆಕ್ಕದ ಹಾಗೆ ಕಾಣುತ್ತೆ. ಜೂನ್‌ನಲ್ಲಿ ಅರ್ಥವಾಗದ್ದು ಒಂದು ಪುಟ, ದೀಪಾವಳಿ ಹೊತ್ತಿಗೆ ಇಡೀ ಪುಸ್ತಕ. ಅದೇ ಹೊತ್ತಿಗೆ ಹತ್ತಿ ಬಿಡಿಸೋ ಕಾಲ. ಹೊಲಕ್ಕೆ ಹೋದ್ರೆ ಕೂಲಿ ಕೈಗೆ ಸಿಗುತ್ತೆ, ಶಾಲೆಗೆ ಹೋದ್ರೆ ಪಾಠ ತಲೆಗೆ ಹತ್ತಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಭರವಸೆ ಇರೋದು 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿವರೆಗೆ. ಅದಾದ ಮೇಲೆ ಶಾಲೆ ಬಿಟ್ಟವರನ್ನ ವಾಪಸ್ ಕರೆತರೋದು ಕಷ್ಟ.

ಇದಕ್ಕೆ ಒಂದು ಸರಳ ದಾರಿ ಜೋಡಿ ಓದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 12-13 ವರ್ಷದ ಮಕ್ಕಳ ಜೊತೆ ಇದಕ್ಕೆ ಹತ್ತಿರದ ಒಂದು ವಿಧಾನವನ್ನ ನೋಡಿದ್ರು. 20 ಶಿಕ್ಷಕರು 12 ವಾರಗಳಲ್ಲಿ ಎರಡು ಗಟ್ಟಿ ಕಾದಂಬರಿಗಳನ್ನ ಕ್ಲಾಸಿನಲ್ಲಿ ಜೋರಾಗಿ, ಹೆಚ್ಚು ನಿಲ್ಲಿಸದೆ ಓದಿದ್ರು. ಮಕ್ಕಳ ಓದು ಸರಾಸರಿ ಎಂಟೂವರೆ ತಿಂಗಳಷ್ಟು ಮುಂದೆ ಹೋಯ್ತು. ಹಿಂದುಳಿದಿದ್ದವರದ್ದು 16 ತಿಂಗಳಷ್ಟು. ಅಲ್ಲಿಯ ಅಂಕಿ ನಮಗೆ ಹಾಗೇ ಹೊಂದುತ್ತೆ ಅಂತಲ್ಲ. ಆದ್ರೆ ಓದು ಬಾರದವರಿಗೆ ಬರೀ ಸುಲಭದ ಪುಸ್ತಕ ಕೊಡಬೇಕು ಅನ್ನೋ ನಂಬಿಕೆಯನ್ನ ಇದು ಅಲ್ಲಾಡಿಸುತ್ತೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಸುಮಾರು ಶೇ. 75, ರಾಯಚೂರು ಜಿಲ್ಲೆಯದ್ದು ಸುಮಾರು ಶೇ. 60. ಅಂದ್ರೆ ಎಷ್ಟೋ ಮನೆಯಲ್ಲಿ ಓದಿಸೋಕೆ ಅಪ್ಪ ಅವ್ವಗೆ ಆಗಲ್ಲ. ಆಗೋದು ನಿಮ್ಮಿಂದ.

ದಿನಕ್ಕೆ 15 ನಿಮಿಷ ಸಾಕು. ಇಬ್ಬರಿಗೂ ಒಂದೇ ಪುಸ್ತಕ. ಒಂದು ಪ್ಯಾರಾ ನೀವು ಜೋರಾಗಿ ಓದಿ, ಮಗು ಬೆರಳಿಟ್ಟು ನೋಡಲಿ. ಅದೇ ಪ್ಯಾರಾ ಮಗು ಓದಲಿ. ತಪ್ಪಿದ ಪ್ರತಿ ಅಕ್ಷರಕ್ಕೂ ತಡೀಬೇಡಿ. ಕೊನೆಗೆ ಒಂದೇ ಪ್ರಶ್ನೆ: “ಇದನ್ನ ನಮ್ಮ ಮನೆಮಾತಲ್ಲಿ ಹೇಳು.” ಉರ್ದುವಿನಲ್ಲಿ ಹೇಳಿದ್ರೂ ಲಂಬಾಣಿಯಲ್ಲಿ ಹೇಳಿದ್ರೂ ನಡೆಯುತ್ತೆ. ಒಕ್ಕಣೆ ಅಂದ್ರೆ ರಾಶಿ ಮಾಡೋದು ಅಂತ ಹೊಳೆದ ಕ್ಷಣವೇ ಪಾಠ ಅರ್ಧ ಮುಗೀತು.

ದುಡಿಯೋಕೆ ಬೆಂಗಳೂರಿಗೆ ಹೋಗಿದ್ದೀರಾ? ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕಗಳ ಪಿಡಿಎಫ್ ಉಚಿತ. ಒಂದು ಪುಟ ಓದಿ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿ. ಮಗು ಪುಸ್ತಕ ತೆರೆದಿಟ್ಟು ಕೇಳಲಿ, ತಾನೂ ಓದಿ ವಾಪಸ್ ಕಳಿಸಲಿ.

ಪಾಠ ಬೇಜಾರಾದ್ರೆ ಕಥೆ ಓದಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತ, ಹಂತಹಂತವಾಗಿ ಜೋಡಿಸಿಟ್ಟಿದ್ದಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ಕೇಳಿ.

ಈ ಎಪಿಸೋಡ್ ಇಲ್ಲಿಗೇ ನಿಲ್ಲಿಸ್ತೀನಿ. ಉಳಿದ ಹದಿನೈದು ನಿಮಿಷ ಆ ಮಗುವಿಗೆ ಕೊಡ್ರಿ. ಮತ್ತೆ ಸಿಗೋಣ.