ತೋಳಿಗೆ ತಕ್ಕ ಬಿಲ್ಲು

ಜೂನ್ ಬಂತೆಂದರೆ ಬಟ್ಟೆ ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: ‘ಬೆಳೆಯುವ ಹುಡುಗ, ಒಂದು ಸೈಜ್ ದೊಡ್ಡದೇ ಕೊಡಿ.’ ಸಮವಸ್ತ್ರದ ಮಟ್ಟಿಗೆ ಇದು ಜಾಣತನ. ತೋಳು ಮಡಚಿಕೊಂಡರೆ ಮುಂದಿನ ವರ್ಷಕ್ಕೂ ಆಯಿತು. ಆದರೆ ಮಗನೋ ಮಗಳೋ ಬಿಲ್ಲುಗಾರಿಕೆ ಕಲಿಯಲು ಹೊರಟಾಗ ಈ ಲೆಕ್ಕ ನಡೆಯದು. ಅಂಗಿ ದೊಡ್ಡದಾದರೆ ಜೋತಾಡುತ್ತದೆ, ಅಷ್ಟೆ. ಬಿಲ್ಲು ಬಿರುಸಾದರೆ ಹೆಗಲು ನೋಯುತ್ತದೆ. ಗಿಡ್ಡವಾದರೆ ಬಿಲ್ಲೇ ಮುರಿಯಬಹುದು.

ಇಂಗ್ಲೆಂಡಿನ ರೈತನೊಬ್ಬನಿಗೆ ಐನೂರು ವರ್ಷಗಳ ಹಿಂದೆಯೇ ಇದು ತಿಳಿದಿತ್ತು. ಅವನ ಮಗ ಹ್ಯೂ ಲ್ಯಾಟಿಮರ್ ಮುಂದೆ ಹೆಸರಾಂತ ಧರ್ಮಬೋಧಕನಾದ. 1549ರಲ್ಲಿ, ಹನ್ನೊಂದು ವರ್ಷದ ಬಾಲರಾಜ ಆರನೇ ಎಡ್ವರ್ಡನ ಮುಂದೆ ಪ್ರವಚನ ಮಾಡುವಾಗ ಆತ ತನ್ನ ಬಾಲ್ಯವನ್ನು ನೆನೆದ. ವಯಸ್ಸಿಗೂ ಶಕ್ತಿಗೂ ಹೊಂದುವ ಬಿಲ್ಲನ್ನೇ ತಂದೆ ಕೊಡಿಸುತ್ತಿದ್ದನಂತೆ. ಮಗ ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಾ ಹೋಯಿತಂತೆ. ಬರಿಯ ತೋಳಬಲದಿಂದ ಎಳೆಯದೆ ಇಡೀ ಮೈಯನ್ನೇ ಬಿಲ್ಲಿಗೆ ಕೊಡುವುದನ್ನೂ ತಂದೆಯೇ ಕಲಿಸಿದನಂತೆ.

ಲ್ಯಾಟಿಮರ್ ಹೇಳಿದ್ದು ಲಾಂಗ್‌ಬೋ ಎಂಬ ಉದ್ದಬಿಲ್ಲಿನ ಮಾತು. ಇದಕ್ಕೆ ಗಾಲಿಗಳಿಲ್ಲ, ಲೋಹದ ಹಿಡಿಯಿಲ್ಲ. ಮರದ ಒಂದು ಕೋಲು, ಒಂದು ಹೆದೆ. ಹಾಗಾಗಿ ಕೋಲಿನ ಉದ್ದಕ್ಕೂ ಎಳೆಯುವವರ ತೋಳಿಗೂ ಸರಿಹೊಂದಲೇಬೇಕು. ಹೆದೆಯನ್ನು ಕೆನ್ನೆಯವರೆಗೆ ಎಳೆದು ನಿಂತಾಗ ಹೆದೆಯಿಂದ ಬಿಲ್ಲಿನವರೆಗೆ ಇರುವ ದೂರವೇ ‘ಸೆಳೆತದ ಉದ್ದ’.

ಇದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಮಗುವನ್ನು ಗೋಡೆಗೆ ಒರಗಿ ನಿಲ್ಲಿಸಿ, ಎರಡೂ ತೋಳು ಪಕ್ಕಕ್ಕೆ ಚಾಚಲು ಹೇಳಿ. ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದು ಕೈಯ ನಡುಬೆರಳ ತುದಿಯವರೆಗೆ ಅಂಗುಲಗಳಲ್ಲಿ ಅಳೆದು, ಬಂದದ್ದನ್ನು 2.5ರಿಂದ ಭಾಗಿಸಿ. 60 ಅಂಗುಲ ಬಂದರೆ ಸೆಳೆತ ಸುಮಾರು 24 ಅಂಗುಲ. 70 ಬಂದರೆ 28. ನಿಖರವಾಗಿ ತಿಳಿಯಬೇಕಾದರೆ ತರಬೇತುದಾರರ ಎದುರು ಹಗುರವಾದ ಬಿಲ್ಲಿಗೆ ಉದ್ದನೆಯ ಬಾಣ ಹೂಡಿ ಎಳೆದು, ಬಾಣದ ಮೇಲೆ ಗುರುತು ಹಾಕಿಸಬೇಕು.

ಬಿಲ್ಲಿನ ಉದ್ದ ಏಕೆ ಮುಖ್ಯ? ಪೊರಕೆಯಿಂದ ಎರಡು ಒಣ ತೆಂಗಿನ ಕಡ್ಡಿ ತೆಗೆಯಿರಿ. ಒಂದು ಎರಡಡಿಯದು, ಇನ್ನೊಂದು ಗೇಣುದ್ದದ್ದು. ಎರಡರ ನಡುವನ್ನೂ ನಾಲ್ಕಂಗುಲ ಬಾಗಿಸಿ ನೋಡಿ. ಉದ್ದನೆಯದು ಸಲೀಸಾಗಿ ಬಾಗುತ್ತದೆ, ಗಿಡ್ಡ ಕಡ್ಡಿ ಲಟಕ್ಕೆನ್ನುತ್ತದೆ. ಬಿಲ್ಲು ಬಾಗುವಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಕೋಲು ಉದ್ದವಿದ್ದಷ್ಟೂ ಈ ಶ್ರಮ ಹಂಚಿಹೋಗುತ್ತದೆ. ಪೂರ್ತಿ ಸೆಳೆದ ಬಿಲ್ಲೆಂದರೆ ಹತ್ತರಲ್ಲಿ ಒಂಬತ್ತು ಪಾಲು ಮುರಿದ ಬಿಲ್ಲು ಎಂದು ಬಿಲ್ಲು ಮಾಡುವವರು ಹೇಳುವುದು ಸುಮ್ಮನೆ ಅಲ್ಲ.

ಗಿಡ್ಡ ಬಿಲ್ಲು ಮುರಿಯದಿದ್ದರೂ ಕಾಡುತ್ತದೆ. ಕೊನೆಯ ಒಂದೆರಡು ಅಂಗುಲಗಳಲ್ಲಿ ಎಳೆತ ಥಟ್ಟನೆ ಬಿರುಸಾಗುತ್ತದೆ, ಹೆದೆ ಬೆರಳುಗಳನ್ನು ಚಿವುಟುತ್ತದೆ. ಕಲಿಯುವವರು ನೋವಿಗೆ ಹೆದರಿ ಅರ್ಧಕ್ಕೇ ಬಾಣ ಬಿಡುವ ಚಾಳಿಗೆ ಬೀಳುತ್ತಾರೆ. ತೀರ ಉದ್ದವಾದರೆ ಬಿಲ್ಲಿನ ತೋಳುಗಳೇ ಭಾರವಾಗಿ ಬಾಣದ ಓಟ ಮಂದವಾಗುತ್ತದೆ, ಅಪಾಯವೇನೂ ಇಲ್ಲ. ಆದ್ದರಿಂದ ಉದ್ದದಲ್ಲಿ ಎರಡಂಗುಲ ಹೆಚ್ಚಿದ್ದರೆ ನಡೆದೀತು. ಬಿರುಸಿನಲ್ಲಿ ಹೆಚ್ಚಿದ್ದರೆ ನಡೆಯದು.

ರೂಢಿಯ ಲೆಕ್ಕದಲ್ಲಿ 28 ಅಂಗುಲ ಸೆಳೆಯುವವರಿಗೆ 68ರಿಂದ 72 ಅಂಗುಲದ ಲಾಂಗ್‌ಬೋ ಹೊಂದುತ್ತದೆ. ಸೆಳೆತದ ಎರಡರಷ್ಟಕ್ಕೆ ಇನ್ನೊಂದು ಅಡಿ ಸೇರಿಸಿದರೆ ಹೆಚ್ಚು ಕಡಿಮೆ ಸರಿಯಾದ ಉದ್ದ ಸಿಗುತ್ತದೆ. ಇಂಗ್ಲೆಂಡಿನ ಲಾಂಗ್‌ಬೋ ಸ್ಪರ್ಧೆಗಳ ನಿಯಮವೂ ಬಾಣದ ಉದ್ದವನ್ನೇ ನೋಡುತ್ತದೆ: ಬಾಣ 27 ಅಂಗುಲಕ್ಕಿಂತ ಕಡಿಮೆಯಿದ್ದರೆ ಬಿಲ್ಲು ಕನಿಷ್ಠ 5 ಅಡಿ, 27 ಅಥವಾ ಹೆಚ್ಚಿದ್ದರೆ ಕನಿಷ್ಠ ಐದೂವರೆ ಅಡಿ.

ಹಿಂದಿನವರ ಅಳತೆ ಇನ್ನೂ ಸರಳ. 1465ರಲ್ಲಿ ಐರ್ಲೆಂಡಿನ ಇಂಗ್ಲಿಷರಿಗಾಗಿ ಬಂದ ಕಾನೂನು, ಪ್ರತಿಯೊಬ್ಬನ ಬಿಲ್ಲೂ ಅವನ ಎತ್ತರಕ್ಕಿಂತ ಹೆಬ್ಬೆರಳು ಚಾಚಿದ ಒಂದು ಮುಷ್ಟಿಯಷ್ಟಾದರೂ ಹೆಚ್ಚಿರಬೇಕು ಎಂದಿತು. ಅಳತೆಗೋಲು ಅವರವರ ಮೈಯೇ! ಎಂಟನೇ ಹೆನ್ರಿಯ ‘ಮೇರಿ ರೋಸ್’ ಯುದ್ಧನೌಕೆ 1545ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿತು. ಅದರ ಒಡಲನ್ನು 1982ರಲ್ಲಿ ಮೇಲೆತ್ತಲಾಯಿತು. ಅಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು 6 ಅಡಿ 2 ಅಂಗುಲದಿಂದ 6 ಅಡಿ 11 ಅಂಗುಲದವರೆಗಿವೆ. ಸುಮಾರು 30 ಅಂಗುಲದ ಸೆಳೆತವನ್ನು ತಾಳಲು ಯೂ ಮರಕ್ಕೆ ಅಷ್ಟು ಉದ್ದ ಬೇಕಿತ್ತು.

ಮನೆಗಳಲ್ಲಿ ಎಚ್ಚರ ತಪ್ಪುವುದು ಅಕ್ಕನ ಬಿಲ್ಲು ತಮ್ಮನಿಗೆ ಬಂದಾಗ. ಬಿಲ್ಲಿನ ಮೇಲೆ ‘28 ಅಂಗುಲಕ್ಕೆ 30 ಪೌಂಡ್’ ಎಂದಿದ್ದರೆ, ಆ ಬಿರುಸು ಅಷ್ಟು ಎಳೆದಾಗ ಮಾತ್ರ. ಒಂದೊಂದು ಅಂಗುಲ ಕಡಿಮೆಯಾದಂತೆ ಸುಮಾರು ಎರಡು ಪೌಂಡ್ ಇಳಿಯುತ್ತದೆ. ಇನ್ನೊಂದು ಕಡೆ, 24 ಅಂಗುಲಕ್ಕೆಂದು ಮಾಡಿದ ಮರದ ಬಿಲ್ಲನ್ನು ಹುಡುಗ ಬೆಳೆದು 27ಕ್ಕೆ ಎಳೆದರೆ ಅದು ಸೀಳಬಹುದು. ಬಾಣವೂ ಹಾಗೆಯೇ. ಸೆಳೆತಕ್ಕಿಂತ ಗಿಡ್ಡವಾದರೆ ಅದರ ಮೊನೆ ಬಿಲ್ಲಿನ ಹಿಂದಕ್ಕೆ ಜಾರಿ ಬಿಲ್ಲು ಹಿಡಿದ ಕೈಗೇ ನೆಟ್ಟೀತು. ಬಾಣ ಹೂಡದೆ ಎಳೆದು ಬಿಡುವ ಆಟವಂತೂ ಬೇಡವೇ ಬೇಡ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗುತ್ತದೆ.

ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗೆರೆ ಎಳೆದು ಗುರುತಿಸುವ ಮನೆಗಳುಂಟು. ಬಿಲ್ಲು ಹಿಡಿಯುವ ಮಗುವಿದ್ದರೆ ಆರು ತಿಂಗಳಿಗೊಮ್ಮೆ ಪಕ್ಕದ ಗೋಡೆಯಲ್ಲಿ ತೋಳಿನ ಅಳತೆಯನ್ನೂ ಗುರುತಿಸಿ. ಎರಡಂಗುಲ ಸೆಳೆತ ಹೆಚ್ಚಿತೆಂದರೆ ಹಳೆಯ ಬಿಲ್ಲು, ಬಾಣಗಳನ್ನು ತರಬೇತುದಾರರಿಗೆ ತೋರಿಸುವ ಹೊತ್ತು ಬಂತೆಂದೇ ಅರ್ಥ. ಮಗು ನಾಳೆ ಬೆಳೆದಾಗ ನಾಳೆಯ ಬಿಲ್ಲು ಬರಲಿ. ಇಂದು ಹಿಡಿಯುವ ಬಿಲ್ಲು ಇಂದಿನ ತೋಳಿಗೇ ಇರಲಿ.