ಶ್ರೋಣಿತಲದ ವ್ಯಾಯಾಮ: ಕೆಗೆಲ್ಲರಿಗೆ ಸಲ್ಲತಕ್ಕುದೆಷ್ಟು?

ಹೆರಿಗೆಯಾದ ಮೇಲೆ ಕೆಮ್ಮಿದಾಗ, ಸೀನಿದಾಗ, ಭಾರವೆತ್ತಿದಾಗ ಮೂತ್ರ ಜಿನುಗುವುದನ್ನು ಹೆತ್ತವರ ಪಾಡೆಂದೇ ಬಗೆದು, ಯಾರಲ್ಲಿಯೂ ಹೇಳಿಕೊಳ್ಳದೆ ಸಹಿಸುವ ತಾಯಂದಿರು ಎಲ್ಲ ದೇಶಗಳಲ್ಲಿಯೂ ಉಂಟು. ಇದಕ್ಕಿರುವ ಮುಖ್ಯ ಕಾರಣಗಳಲ್ಲೊಂದು ಶ್ರೋಣಿತಲದ ಸ್ನಾಯುಗಳ ದೌರ್ಬಲ್ಯ. ಸೊಂಟದ ಎಲುಬುಗೂಡಿನ ತಳದಲ್ಲಿ ಜೋಲಿಯಂತೆ ಹರಡಿ ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿರುವ ಈ ಸ್ನಾಯುಗಳು ಗರ್ಭದ ಭಾರದಿಂದ ಬಳಲುತ್ತವೆ. ಶಿಶು ಹೊರಬರುವಾಗ ಬಹಳವಾಗಿ ಹಿಗ್ಗುತ್ತವೆ. ಕೆಲವೊಮ್ಮೆ ಹರಿಯುವುದೂ ಉಂಟು.

ಇವನ್ನು ಬಲಪಡಿಸುವ ವ್ಯಾಯಾಮವು ಇಂದು ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ಲರ ಹೆಸರಿನಿಂದ ಪ್ರಸಿದ್ಧವಾಗಿದೆ. ಅವರ ಲೇಖನ ಪ್ರಕಟವಾದುದು ೧೯೪೮ರಲ್ಲಿ. ಆದರೆ ನರ್ತಕಿಯಾಗಿದ್ದು ಅಂಗಸಾಧನೆಯ ಚಿಕಿತ್ಸೆಯನ್ನೂ ಕಲಿತಿದ್ದ ಮಾರ್ಗರೆಟ್ ಮಾರಿಸ್ ಎಂಬಾಕೆ, ಬಾಣಂತಿಯರ ವ್ಯಾಯಾಮವನ್ನು ಕುರಿತ ತನ್ನ ೧೯೩೬ರ ಪುಸ್ತಕದಲ್ಲಿಯೇ ಈ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಕ್ರಮವನ್ನು ವಿವರಿಸಿದ್ದಳು. ಹೆಂಗಸರು ಹೆಂಗಸರಿಗೆ ಕಲಿಸುತ್ತಿದ್ದ ವಿದ್ಯೆಗೆ ವೈದ್ಯನ ಹೆಸರು ಅಂಟಿಕೊಂಡುದು ಚರಿತ್ರೆಯಲ್ಲಿ ಅಪೂರ್ವವೇನೂ ಅಲ್ಲ.

ಹಾಗೆಂದು ಕೆಗೆಲ್ಲರ ಹಿರಿಮೆಯನ್ನು ನಾವು ಅಲ್ಲಗಳೆಯುವಂತಿಲ್ಲ. ೧೯೧೪ರಲ್ಲಿ ಹೊವರ್ಡ್ ಕೆಲ್ಲಿಯವರು ಮೂತ್ರಕೋಶದ ಕೊರಳಿಗೆ ಹೊಲಿಗೆ ಹಾಕುವ ವಿಧಾನವನ್ನು ಪ್ರಕಟಿಸಿದಂದಿನಿಂದ ವೈದ್ಯರ ದೃಷ್ಟಿ ಹೆಚ್ಚಾಗಿ ಶಸ್ತ್ರಕ್ರಿಯೆಯ ಕಡೆಗೇ ಇದ್ದಿತು. ಹೊಲಿಗೆಯಿಂದ ಸ್ನಾಯುವಿಗೆ ಶಕ್ತಿ ಮರಳುವುದಿಲ್ಲವೆಂಬುದನ್ನು ಕೆಗೆಲ್ಲರು ಕಂಡರು. ಅದಕ್ಕಿಂತಲೂ ಮುಖ್ಯವಾದುದು ಅವರ ಇನ್ನೊಂದು ಅರಿವು: ಬಿಗಿಹಿಡಿಯೆಂದು ಬಾಯಿಮಾತಿನಲ್ಲಿ ಹೇಳಿದರೆ ಅನೇಕರು ಹೊಟ್ಟೆಯನ್ನೋ ಪಿರ್ರೆಯನ್ನೋ ಬಿಗಿಹಿಡಿಯುತ್ತಾರೆ, ಕಣ್ಣಿಗೆ ಕಾಣದ ಸ್ನಾಯು ಸುಮ್ಮನಿರುತ್ತದೆ. ಇದಕ್ಕಾಗಿ ಅವರು ಪೆರಿನಿಯೋಮೀಟರ್ ಎಂಬ ಉಪಕರಣವನ್ನು ರಚಿಸಿದರು. ಯೋನಿಯೊಳಗೆ ಇರಿಸಿದ ರಬ್ಬರಿನ ಕೋಶದ ಮೇಲೆ ಸ್ನಾಯು ಒತ್ತಿದಷ್ಟೂ ಹೊರಗಿನ ಮಾಪಕದ ಮುಳ್ಳು ಏರುತ್ತದೆ. ತನ್ನ ಪ್ರಯತ್ನ ಫಲಿಸಿತೋ ಇಲ್ಲವೋ ಎಂಬುದನ್ನು ಹೆಂಗಸು ತಾನೇ ನೋಡಬಹುದು. ಮುಳ್ಳನ್ನು ನೋಡುತ್ತ ದಿನಕ್ಕೆ ಮೂರು ಬಾರಿ, ಒಂದೊಂದು ಬಾರಿಗೆ ೨೦ ನಿಮಿಷ ಅಭ್ಯಾಸ ಮಾಡಬೇಕೆಂಬುದು ಅವರ ಕ್ರಮ.

ಈ ಎಚ್ಚರಿಕೆ ನಿರಾಧಾರವಾದುದಲ್ಲ. ೧೯೯೧ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಬಾಯಿಮಾತಿನ ಸೂಚನೆಯನ್ನಷ್ಟೇ ಪಡೆದ ೪೭ ಮಂದಿ ಸ್ತ್ರೀಯರಲ್ಲಿ ಸರಿಯಾಗಿ ಬಿಗಿಹಿಡಿದವರು ೨೩ ಮಂದಿ. ೧೨ ಮಂದಿಯ ರೀತಿಯು ತೊಂದರೆಯನ್ನು ಹೆಚ್ಚಿಸಬಹುದಾದುದಾಗಿತ್ತು. ವ್ಯಾಯಾಮದ ಹೆಸರು ಲೋಕವೆಲ್ಲ ಹಬ್ಬಿದರೂ ಮಾಪಕವು ಹಿಂದುಳಿದುದು ನಮಗೆ ಶೋಚನೀಯವೆನಿಸುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ ೨೦೧೯ರ ಮಾರ್ಗಸೂಚಿಯು ಸ್ನಾಯು ಸರಿಯಾಗಿ ಕುಗ್ಗುವುದೇ ಎಂಬುದನ್ನು ಮೊದಲು ಬೆರಳಿನಿಂದ ಪರೀಕ್ಷಿಸಿ, ಆ ಬಳಿಕವೇ ದಿನಕ್ಕೆ ಮೂರು ಬಾರಿ, ಬಾರಿಗೆ ಕನಿಷ್ಠ ಎಂಟರಂತೆ, ಮೂರು ತಿಂಗಳಾದರೂ ತಜ್ಞರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ನಡೆಯಬೇಕೆಂದು ವಿಧಿಸುತ್ತದೆ.