ಅಪ್ಪ ಹಾಕಿದ ಬೀಗ, ಮಗ ಒಡೆದ ಬಾಗಿಲು

ಮೂರು ಅಂಕಿಯ ಸೂಟ್‌ಕೇಸ್ ಬೀಗವನ್ನು ಎಲ್ಲರೂ ಬಲ್ಲರು. ಅಂಕಿ ಮರೆತುಹೋದರೆ 000ದಿಂದ 999ರವರೆಗೆ ಒಂದೊಂದಾಗಿ ತಿರುಗಿಸುತ್ತ ಹೋದರಾಯಿತು. ಸಾವಿರ ಪ್ರಯತ್ನದೊಳಗೆ ಅದು ತೆರೆಯಲೇಬೇಕು. ಇದಕ್ಕೆ ಜಾಣತನ ಬೇಡ, ತಾಳ್ಮೆ ಸಾಕು. ಕಂಪ್ಯೂಟರಿಗೆ ಅದು ಧಾರಾಳವಾಗಿದೆ. ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳ ಮೂಲ ತತ್ತ್ವ ಇಷ್ಟೇ.

ಆದರೆ ಅಕ್ಷರಗಳ ಲೆಕ್ಕ ಬೇರೆ. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ ನಾಲ್ಕಕ್ಷರದ 4,56,976 ಜೋಡಣೆಗಳು ಸಾಧ್ಯ. ಆರಕ್ಷರವಾದರೆ ಸುಮಾರು 31 ಕೋಟಿ, ಎಂಟಾದರೆ 20 ಸಾವಿರ ಕೋಟಿಗೂ ಮಿಕ್ಕು. ಹಾಗಾದರೆ ಎಂಟಕ್ಷರದ ಪಾಸ್‌ವರ್ಡ್ ಭದ್ರವಲ್ಲವೆ? 1970ರ ದಶಕದ ಯಂತ್ರಗಳ ಮಟ್ಟಿಗೆ ಭದ್ರವೇ, ಜನ ಅಕ್ಷರಗಳನ್ನು ಗೊತ್ತುಗುರಿಯಿಲ್ಲದೆ ಕಲಸಿದ್ದರೆ!

ಜನ ಹಾಗೆ ಮಾಡುವುದಿಲ್ಲವೆಂದು ಎಣಿಸಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ಅವರು ಸಂಗ್ರಹಿಸಿದ 3,289 ಪಾಸ್‌ವರ್ಡುಗಳ ವಿವರ 1979ರಲ್ಲಿ ಪ್ರಕಟವಾಯಿತು. 15 ಪಾಸ್‌ವರ್ಡುಗಳಲ್ಲಿ ಇದ್ದುದು ಒಂದೇ ಒಂದು ಅಕ್ಷರ. 72ರಲ್ಲಿ ಎರಡು, 464ರಲ್ಲಿ ಮೂರು. ನಿಘಂಟಿನ ಪದಗಳು, ಹೆಸರುಗಳು ಎಲ್ಲ ಸೇರಿ ನೂರಕ್ಕೆ 86 ಭಾಗ ಸುಲಭವಾಗಿ ಊಹಿಸಬಲ್ಲವೇ ಆಗಿದ್ದವು.

ಇದಕ್ಕೆ ಅವರು ಯುನಿಕ್ಸ್ ವ್ಯವಸ್ಥೆಯಲ್ಲಿ ಎರಡು ತಡೆಗಳನ್ನು ಒಡ್ಡಿದರು. ಪಾಸ್‌ವರ್ಡನ್ನು ಹಾಗೆಯೇ ಬರೆದಿಡದೆ, 25 ಸುತ್ತು ಗೂಢಲಿಪಿಗೆ ತಿರುಗಿಸಿ ಫಲಿತಾಂಶವನ್ನಷ್ಟೇ ಇಡುವುದು ಒಂದು. ಇದರಿಂದ ಪ್ರತಿ ಊಹೆಯೂ ನಿಧಾನವಾಗುತ್ತದೆ. ಮತ್ತೊಂದು, ಪ್ರತಿ ಪಾಸ್‌ವರ್ಡಿಗೂ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸುವುದು. ಅದಕ್ಕಿಟ್ಟ ಹೆಸರು ಸಾಲ್ಟ್, ಅಂದರೆ ಉಪ್ಪು! ಇಬ್ಬರದು ಒಂದೇ ಪಾಸ್‌ವರ್ಡ್ ಆದರೂ ಉಪ್ಪು ಬೇರೆಯಾದರೆ ಕಡತದಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಇಷ್ಟಾದರೂ ಒಂದು ಕೊರತೆ ಉಳಿಯಿತು. ಆ ಕಡತವನ್ನು ಯಂತ್ರ ಬಳಸುವ ಯಾರು ಬೇಕಾದರೂ ಓದಬಹುದಿತ್ತು.

1988ರ ನವೆಂಬರ್ 2ರಂದು ಅಮೆರಿಕದ ಇಂಟರ್‌ನೆಟ್‌ನಲ್ಲಿ ಒಂದು 'ಹುಳು' ಹರಿದಾಡಿತು. ಅದರ ಒಂದು ದಾರಿ ಪಾಸ್‌ವರ್ಡ್ ಊಹೆ. ಮೊದಲು ಬಳಕೆದಾರನ ಹೆಸರು, ಆಮೇಲೆ ಅದೇ ಹೆಸರು ತಿರುವುಮುರುವಾಗಿ, ನಂತರ ತನ್ನೊಳಗೇ ಇದ್ದ 432 ಪದಗಳ ಪಟ್ಟಿ, ಕೊನೆಗೆ ಯಂತ್ರದಲ್ಲೇ ಇದ್ದ ನಿಘಂಟು. ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳು ಬಾಧೆಗೊಳಗಾದವು. ಹುಳುವನ್ನು ಬಿಟ್ಟವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪನ್ ಮಾರಿಸ್, ಅದೇ ಮಾರಿಸ್‌ರ ಮಗ. ತಂದೆ ಆ ಹೊತ್ತಿಗೆ ಸರ್ಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿ! ಒಂಬತ್ತು ವರ್ಷದ ಹಿಂದೆ ತಂದೆ ಕಾಗದದ ಮೇಲೆ ಹೇಳಿದ್ದನ್ನು ಮಗ ಯಂತ್ರದ ಮೇಲೆ ಮಾಡಿ ತೋರಿಸಿದಂತಾಯಿತು. 1990ರಲ್ಲಿ ನ್ಯಾಯಾಲಯ ಅವನಿಗೆ ಜೈಲಿನ ಬದಲು ಮೂರು ವರ್ಷದ ನಿಗಾ, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ ವಿಧಿಸಿತು.

ಕಳ್ಳನಿಗಿಂತ ಮೊದಲು ಮನೆಯವನೇ ಚಿಲಕ ಅಲ್ಲಾಡಿಸಿ ನೋಡಬೇಕೆಂಬ ವಿಚಾರ ಬಲವಾಯಿತು. 1991ರಲ್ಲಿ ಬ್ರಿಟನ್ನಿನ ಅಲೆಕ್ ಮಫೆಟ್ ಹೊರತಂದ 'ಕ್ರ್ಯಾಕ್' ಅಂಥದೇ ಸಾಧನ. ಆಡಳಿತಗಾರ ತನ್ನ ಬಳಕೆದಾರರ ಕಡತದ ಮೇಲೆ ಅದನ್ನು ಹರಿಯಬಿಟ್ಟರೆ, ದುರ್ಬಲ ಪಾಸ್‌ವರ್ಡುಗಳು ತಾವಾಗಿ ಹೊರಬೀಳುತ್ತಿದ್ದವು. ನಂತರ 'ಜಾನ್ ದಿ ರಿಪ್ಪರ್' ಬಂತು. ಪಾಸ್‌ವರ್ಡ್ ಕಡತವನ್ನು ಸಾಮಾನ್ಯರ ಕಣ್ಣಿಗೆ ಬೀಳದಂತೆ ಬೇರೆಡೆ ಇಡುವ ಪದ್ಧತಿಯೂ ಬೆಳೆಯಿತು.

ಸಾಧನ ಒಂದೇ, ಕೈ ಬೇರೆ. ಅಪ್ಪಣೆ ಇದ್ದರೆ ಪರೀಕ್ಷೆ, ಇಲ್ಲದಿದ್ದರೆ ಅಪರಾಧ. ಇಂಟೆಲ್ ಕಂಪನಿಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ, ಪರ್ಲ್ ಭಾಷೆಯ ಹೆಸರಾಂತ ಲೇಖಕ ರ್‍ಯಾಂಡಲ್ ಶ್ವಾರ್ಟ್ಸ್, ಅಲ್ಲಿನ ಪಾಸ್‌ವರ್ಡುಗಳ ಮೇಲೆ 'ಕ್ರ್ಯಾಕ್' ಓಡಿಸಿದ್ದರು. ಭದ್ರತೆಯ ಲೋಪ ತೋರಿಸುವುದೇ ಉದ್ದೇಶವೆಂಬ ವಾದ ನಿಲ್ಲಲಿಲ್ಲ. 1995ರಲ್ಲಿ ಆರೆಗನ್ ರಾಜ್ಯದ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಆ ದಾಖಲೆಯನ್ನು ಅಳಿಸಿಹಾಕಿದ್ದು 2007ರಲ್ಲಿ. ಭಾರತದಲ್ಲಿಯೂ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಮೊದಲು ಕೇಳುವುದು ಮಾಲೀಕನ ಅನುಮತಿ ಇತ್ತೇ ಎಂಬುದನ್ನೇ.